ಎಣ್ಣೆಗಿಂತ ಮೊದಲು ನೀರು

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬಾಗಲಕೋಟೆ ತಾಲ್ಲೂಕಿನ ಬೇವೂರಿನ ಸುತ್ತಮುತ್ತ ಎರಿ ಹೊಲಗಳಲ್ಲಿ ಬಿಳಿಜೋಳ ಎತ್ತರಕ್ಕೆ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಚರಗ ಚೆಲ್ಲಲು ಹೋದವರು ಬದುವಿನ ಮೇಲೆಯೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿಯುತ್ತಾರೆ. ಅದು ಭೂಮಿತಾಯಿಗೆ ಸಲ್ಲಿಸುವ ಗೌರವ. ಆದರೆ ಹಿಮ್ಮಡಿ ಒಡೆದವರಿಗೆ ಆ ನಡಿಗೆ ಸುಲಭದ್ದಲ್ಲ. ಕಡಲೆ ಗಿಡದ ಎಲೆ, ಕಾಯಿಗಳ ಮೇಲಿನ ನವಿರು ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ಇಬ್ಬನಿಯಲ್ಲಿ ಕರಗಿದ ಆ ಹುಳಿ ಗಟ್ಟಿ ಅಂಗಾಲಿಗೆ ಏನೂ ಮಾಡದು. ಬಿರುಕಿನೊಳಗೆ ಇಳಿದರೆ ಕಣ್ಣಲ್ಲಿ ನೀರು ತರಿಸುತ್ತದೆ. ಕಡ್ಲಿ ಕುಡಿ ಚೂಟಲು ನಸುಕಿನಲ್ಲೇ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇವರು ಉಪಚಾರ ಮಾಡಿಕೊಳ್ಳುವುದಿಲ್ಲ ಎಂದಲ್ಲ. "ದಿನಾ ರಾತ್ರಿ ಎಣ್ಣಿ ಹಚ್ಚೇ ಮಲಗ್ತೀನ್ರೀ, ಆದ್ರೂ ಹಿಂಬಡ ಕೂಡವಲ್ದು" ಎಂಬ ಮಾತು ಈ ಸೀಮೆಯ ಮನೆಮನೆಯಲ್ಲಿ ಚಳಿಗಾಲದುದ್ದಕ್ಕೂ ಕೇಳುತ್ತದೆ. ಎಣ್ಣೆಯಲ್ಲಿ ದೋಷವಿಲ್ಲ, ಹಚ್ಚುವ ಕೈಯಲ್ಲೂ ದೋಷವಿಲ್ಲ. ದೋಷ ಇರುವುದು ಕ್ರಮದಲ್ಲಿ. ದಿನವಿಡೀ ಒಣಗಿದ ಹಿಮ್ಮಡಿಗೆ ಒಣಗಿದ್ದಂತೆಯೇ ಎಣ್ಣೆ ಸವರಿದರೆ ಅದು ಮೆತ್ತಗಾಗುವುದಿಲ್ಲ. ಇದನ್ನು ಪ್ರಯೋಗ ಮಾಡಿ ತೋರಿಸಿ ಎಪ್ಪತ್ತು ವರ್ಷಗಳೇ ಕಳೆದಿವೆ.

1952ರಲ್ಲಿ ಅಮೆರಿಕದ ಚರ್ಮವಿಜ್ಞಾನಿ ಇರ್ವಿನ್ ಬ್ಲಾಂಕ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಜಡ್ಡುಗಟ್ಟಿದ ಚರ್ಮದ ತುಂಡುಗಳನ್ನು. ಚೆನ್ನಾಗಿ ಒಣಗಿಸಿದಾಗ ಅವು ಬಾಗಿಸಿದರೆ ಮುರಿಯುವಷ್ಟು ಪೆಡಸಾದವು. ಅಂಥ ತುಂಡುಗಳನ್ನು ಆಲಿವ್ ಎಣ್ಣೆಯಲ್ಲಿ, ಕುರಿಯುಣ್ಣೆಯಿಂದ ತೆಗೆದ ಲ್ಯಾನೊಲಿನ್‌ನಲ್ಲಿ, ಪೆಟ್ರೋಲಿಯಂ ಜೆಲ್ಲಿಯಲ್ಲಿ ಮುಳುಗಿಸಿಟ್ಟರು. ಎಷ್ಟು ಹೊತ್ತು ಇಟ್ಟರೂ ಅವು ಪೆಡಸಾಗಿಯೇ ಉಳಿದವು. ನೀರಿನಲ್ಲಿ ಹಾಕಿದ ತುಂಡು ಮಾತ್ರ ಬಾಗಿತು. ಚರ್ಮದ ಹೊರಪದರವನ್ನು ಮೃದುವಾಗಿಡುವುದು ಎಣ್ಣೆಯಲ್ಲ, ಅದರೊಳಗಿನ ನೀರು. ಆ ನೀರಿನ ಪ್ರಮಾಣ ಸುಮಾರು ಶೇ. 10ಕ್ಕಿಂತ ಕೆಳಗಿಳಿದರೆ ಪದರ ಬಾಗುವ ಗುಣ ಕಳೆದುಕೊಳ್ಳುತ್ತದೆ ಎಂಬುದು ಅವರ ತೀರ್ಮಾನ. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಚರ್ಮದ ಮುಲಾಮುಗಳ ಹಿಂದಿನ ವಿಜ್ಞಾನ ಬೆಳೆದದ್ದು ಈ ತಿಳಿವಿನ ಮೇಲೆ.

ಹಾಗಾದರೆ ಎಣ್ಣೆಗೆ ಏನು ಕೆಲಸ? ಒಳಗೆ ಸೇರಿದ ನೀರು ಆವಿಯಾಗಿ ಹೋಗದಂತೆ ತಡೆಯುವುದು. ನೀರಿದ್ದರೆ ಎಣ್ಣೆ ಅದನ್ನು ಕಾಯುತ್ತದೆ. ನೀರಿಲ್ಲದ ಕಡೆ ಕಾಯಲು ಏನೂ ಇರುವುದಿಲ್ಲ.

ಹಿಮ್ಮಡಿಯೇ ಏಕೆ?

ಮೈಯ ಉಳಿದ ಚರ್ಮಕ್ಕೂ ಅಂಗಾಲಿನ ಚರ್ಮಕ್ಕೂ ದೊಡ್ಡದೊಂದು ವ್ಯತ್ಯಾಸವಿದೆ. ಮುಖ, ಬೆನ್ನು, ತೋಳುಗಳಲ್ಲಿ ರೋಮದ ಬುಡಕ್ಕೆ ಅಂಟಿಕೊಂಡು ಜಿಡ್ಡಿನ ಗ್ರಂಥಿಗಳಿರುತ್ತವೆ. ಅವು ಸದಾ ಒಂದಿಷ್ಟು ಜಿಡ್ಡು ಒಸರಿ ಚರ್ಮದ ಮೇಲೆ ಹರಡುತ್ತವೆ. ಅಂಗೈ, ಅಂಗಾಲುಗಳಲ್ಲಿ ರೋಮವಿಲ್ಲ, ಜಿಡ್ಡಿನ ಗ್ರಂಥಿಯೂ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ, ಅವು ಒಂದು ಚದರ ಸೆಂಟಿಮೀಟರಿಗೆ ನೂರಾರು ಇರುತ್ತವೆ. ಅಂಗಾಲಿಗೆ ತನ್ನದೇ ಆದ ತೇವದ ಮೂಲ ಎಂದರೆ ಬೆವರು ಒಂದೇ. ಚಳಿಗಾಲದಲ್ಲಿ ಅದೂ ಕಡಿಮೆ. ವಯಸ್ಸಾದಂತೆ ಇನ್ನೂ ಕಡಿಮೆ.

ಇನ್ನು ದಪ್ಪ. ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳಿಂದ ಆದದ್ದು. ಕೆರಾಟಿನ್ ಎಂಬ ಪ್ರೋಟೀನು ತುಂಬಿದ ಚಪ್ಪಟೆ ಕೋಶಗಳು ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ. ಅವುಗಳ ನಡುವಿನ ಸಂದುಗಳಲ್ಲಿ ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳು ತುಂಬಿರುತ್ತವೆ. ಕೋಶಗಳ ಒಳಗೆ ಅಮೈನೋ ಆಮ್ಲಗಳು, ಯೂರಿಯಾ, ಲ್ಯಾಕ್ಟೇಟ್ ಮೊದಲಾದ ನೀರು ಹಿಡಿದಿಡುವ ವಸ್ತುಗಳಿವೆ. ಮುಂಗೈಯಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಹಿಮ್ಮಡಿಯಲ್ಲಿ ಅದು ಅರ್ಧ ಮಿಲಿಮೀಟರ್ ದಾಟುತ್ತದೆ, ಬರಿಗಾಲಲ್ಲಿ ದುಡಿಯುವವರಲ್ಲಿ ಇನ್ನೂ ಹೆಚ್ಚು. ಒತ್ತಡ, ಉಜ್ಜಾಟ ಬಿದ್ದಲ್ಲಿ ಚರ್ಮ ತನ್ನನ್ನು ತಾನು ದಪ್ಪ ಮಾಡಿಕೊಂಡು ಕಾಪಾಡಿಕೊಳ್ಳುತ್ತದೆ. ಕಾಪಾಡಲೆಂದೇ ಬೆಳೆದ ಆ ಜಡ್ಡು ಒಣಗಿದಾಗ ತೊಂದರೆ ಶುರುವಾಗುತ್ತದೆ.

ಬೇಸಿಗೆಯಲ್ಲಿ ಎರಿ ನೆಲ ಬಾಯಿ ಬಿಡುವುದನ್ನು ಈ ಕಡೆಯ ಓದುಗರು ಕಂಡೇ ಇರುತ್ತಾರೆ. ಎರಿ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಪದರ ಕುಗ್ಗಲು ಹೊರಟಾಗ ಕೆಳಗಿನ ಹಸಿ ಮಣ್ಣು ಅದನ್ನು ಬಿಡದೆ ಹಿಡಿದಿರುತ್ತದೆ. ಈ ಎಳೆದಾಟ ತಾಳಲಾರದೆ ಮೇಲಿನದು ಸೀಳುತ್ತದೆ. ಹಿಮ್ಮಡಿಯಲ್ಲೂ ಮೊದಲ ಅರ್ಧ ಇದೇ: ಒಣಗಿ ಕುಗ್ಗುವ ಜಡ್ಡು, ಕೆಳಗೆ ಕುಗ್ಗದ ಜೀವಂತ ಚರ್ಮ. ಆದರೆ ಹೊಲ ಸುಮ್ಮನೆ ಬಿದ್ದಿರುತ್ತದೆ, ಹಿಮ್ಮಡಿ ನಡೆಯುತ್ತದೆ. ಎರಡನೆಯ ಅರ್ಧ ಆ ನಡಿಗೆಯದು.

ಹಿಮ್ಮಡಿಯ ಎಲುಬಿನ ಕೆಳಗೆ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಕೊಬ್ಬಿನ ಮೆತ್ತೆಯಿದೆ. ನಾರಿನ ಗೋಡೆಗಳಿಂದಾದ ಸಣ್ಣ ಸಣ್ಣ ಕೋಣೆಗಳಲ್ಲಿ ಕೊಬ್ಬು ತುಂಬಿಕೊಂಡಿರುತ್ತದೆ. ಹೆಜ್ಜೆ ಊರಿದಾಗ ಮೈಭಾರಕ್ಕಿಂತ ತುಸು ಹೆಚ್ಚೇ ಒತ್ತಡ ಅದರ ಮೇಲೆ ಬೀಳುತ್ತದೆ. ಮೆತ್ತೆ ಚಪ್ಪಟೆಯಾಗಿ ಬದಿಗಳಿಗೆ ಹರಡುತ್ತದೆ, ಕಾಲೆತ್ತಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಅದರೊಂದಿಗೆ ಹಿಮ್ಮಡಿಯ ಅಂಚಿನ ಚರ್ಮವೂ ಪ್ರತಿ ಹೆಜ್ಜೆಗೆ ಹಿಗ್ಗಬೇಕು, ಕುಗ್ಗಬೇಕು. ಮೃದು ಚರ್ಮ ಹಿಗ್ಗುತ್ತದೆ. ಒಣಗಿದ ದಪ್ಪ ಅಂಚು ಹಿಗ್ಗಲಾರದೆ ಬಿರಿಯುತ್ತದೆ. ಹಿಮ್ಮಡಿಯ ಬಿರುಕುಗಳೆಲ್ಲ ಅಂಚಿಗೆ ಅಡ್ಡವಾಗಿ, ಮೇಲಿಂದ ಕೆಳಕ್ಕೆ ಬೀಳುವುದಕ್ಕೆ ಕಾರಣ ಈ ಬದಿಯ ಎಳೆತ. ಒಮ್ಮೆ ಬಿರುಕು ಹುಟ್ಟಿತೆಂದರೆ ಮುಂದಿನ ಪ್ರತಿ ಹೆಜ್ಜೆಯ ಎಳೆತವೆಲ್ಲ ಅದರ ತುದಿಗೇ ಬಂದು ಸೇರುತ್ತದೆ, ಬಿರುಕು ಆಳಕ್ಕಿಳಿಯುತ್ತದೆ. ಸತ್ತ ಪದರದೊಳಗಿದ್ದಷ್ಟು ದಿನ ನೋವಿಲ್ಲ. ಅದನ್ನು ದಾಟಿ ನರ, ರಕ್ತನಾಳಗಳಿರುವ ಒಳಚರ್ಮ ಮುಟ್ಟಿದ ದಿನ ರಕ್ತ ಕಾಣುತ್ತದೆ, ಹೆಜ್ಜೆ ಊರಲಾಗುವುದಿಲ್ಲ.

ಬಾಗಲಕೋಟೆ ಸೀಮೆಯಲ್ಲಿ ಇದು ಇಷ್ಟು ಸಾಮಾನ್ಯವಾಗಿರುವುದಕ್ಕೆ ಕಾರಣಗಳು ಒಟ್ಟಾಗಿ ಬಂದು ಸೇರಿವೆ. ಸಮುದ್ರದಿಂದ ದೂರ, ಘಟ್ಟಗಳ ಮಳೆನೆರಳು, ವರ್ಷಕ್ಕೆ 600 ಮಿ.ಮೀ. ಕೂಡ ತಲುಪದ ಮಳೆ. ಹಿಂಗಾರು ಮುಗಿದ ಮೇಲೆ ಗಾಳಿ ಒಣಗಿರುತ್ತದೆ. ಜೋಳ, ಕಡಲೆ, ಕುಸುಬಿಯ ಕೆಲಸವೆಲ್ಲ ಆ ಒಣಹವೆಯ ತಿಂಗಳುಗಳಲ್ಲೇ. ಎರಿ ಮಣ್ಣಿನ ಒಣ ಧೂಳು ಅಂಗಾಲಿಗೆ ಮೆತ್ತಿ ಇದ್ದ ತೇವವನ್ನೂ ಹೀರುತ್ತದೆ. ಕಣದಲ್ಲಿ, ಅಡುಗೆಮನೆಯಲ್ಲಿ, ಗುಡಿಯಲ್ಲಿ ಚಪ್ಪಲಿಯಿಲ್ಲ. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತ ನೇಕಾರರು ಇಡೀ ದಿನ ಬರಿಗಾಲಿನಿಂದ ತುಳಿಯುತ್ತಿರುತ್ತಾರೆ. ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಯುಗಾದಿಯ ಮುಂಚೆ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನ ಪಾದಯಾತ್ರೆ. ದಾರಿಯ ಊರುಗಳಲ್ಲಿ ಯಾತ್ರಿಗಳ ಕಾಲು ತೊಳೆದು ಎಣ್ಣೆ ತಿಕ್ಕುವ ಸೇವೆ ಇದೆಯಲ್ಲ, ವೈದ್ಯಕೀಯವಾಗಿಯೂ ಅದು ಸರಿಯಾದ ಕ್ರಮ: ತೊಳೆಯುವುದು ಮೊದಲು, ಎಣ್ಣೆ ಆಮೇಲೆ.

ಮೈಯಲ್ಲಿ ಉಷ್ಣ ಹೆಚ್ಚಾದ್ದರಿಂದ ಕಾಲು ಒಡೆಯುತ್ತದೆ ಎಂದು ಹಲವರು ನಂಬುತ್ತಾರೆ. ಕ್ಯಾಲ್ಸಿಯಂ ಕಡಿಮೆ ಎಂದು ಮಾತ್ರೆ ನುಂಗುವವರೂ ಇದ್ದಾರೆ. ಸಾಮಾನ್ಯ ಹಿಮ್ಮಡಿ ಬಿರುಕಿಗೆ ಒಣಹವೆ, ಒತ್ತಡ, ಬರಿಗಾಲು ಇಷ್ಟೇ ಸಾಕಾದ ಕಾರಣಗಳು. ಮಾತ್ರೆಯ ದುಡ್ಡನ್ನು ಹಿಂದೆ ಪಟ್ಟಿಯಿರುವ ಒಂದು ಜೋಡಿ ಚಪ್ಪಲಿಗೆ ಹಾಕಿದರೆ ಹೆಚ್ಚು ಉಪಯೋಗ.

ನೆನೆಸುವುದು, ಉಜ್ಜುವುದು, ಮುಚ್ಚುವುದು

ಹಿಮ್ಮಡಿಯ ಆರೈಕೆಯನ್ನು ಭಾರತದಲ್ಲಿ ಅತ್ಯಂತ ಶ್ರದ್ಧೆಯಿಂದ ಕಲಿಸಿದವರು ಕುಷ್ಠರೋಗಿಗಳ ಸೇವೆಗೆ ನಿಂತ ವೈದ್ಯರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು, ಕುಷ್ಠರೋಗಿಗಳ ಕಾಲು ಕೆಡುವುದು ರೋಗಾಣು ಮಾಂಸವನ್ನು ತಿನ್ನುವುದರಿಂದಲ್ಲ, ನರ ಸತ್ತು ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿದರು. ನರ ಸತ್ತ ಕಾಲು ಬೆವರುವುದೂ ಇಲ್ಲ. ಒಣಗುತ್ತದೆ, ಒಡೆಯುತ್ತದೆ, ಬಿರುಕಿನಿಂದ ಕೀವು ಒಳಗಿಳಿಯುತ್ತದೆ. ಅದನ್ನು ತಡೆಯಲು ಕುಷ್ಠರೋಗ ಆರೈಕೆಯಲ್ಲಿ ಒಂದು ದಿನಚರಿ ರೂಢಿಗೆ ಬಂತು: ಕಾಲನ್ನು ನೀರಿನಲ್ಲಿ ನೆನೆಸಿ, ಒರಟು ಕಲ್ಲಿನಿಂದ ಜಡ್ಡನ್ನು ಮೆಲ್ಲಗೆ ಉಜ್ಜಿ, ಚರ್ಮ ಒದ್ದೆಯಿರುವಾಗಲೇ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚುವುದು. ಖರ್ಚಿಲ್ಲದ ಈ ಕೆಲಸದಿಂದ ಎಷ್ಟೋ ಜನರ ಪಾದಗಳು ಉಳಿದಿವೆ. ಬೇವೂರಿನ ಮನೆಗೂ ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಾಣೆ.

ಹೊತ್ತು ರಾತ್ರಿಯದಿರಲಿ, ಊಟ, ಪಾತ್ರೆ ಎಲ್ಲ ಮುಗಿದು ಮತ್ತೆ ಓಡಾಟವಿಲ್ಲ ಎನ್ನುವಾಗ. ಬುಟ್ಟಿಯಲ್ಲೋ ಬಕೆಟ್ಟಿನಲ್ಲೋ ಹಿಮ್ಮಡಿ ಮುಳುಗುವಷ್ಟು ಉಗುರುಬೆಚ್ಚಗಿನ ನೀರು, ಹತ್ತು ಹದಿನೈದು ನಿಮಿಷ. ಹಿತವೆನಿಸುತ್ತದೆಂದು ನೀರನ್ನು ಸುಡುವಷ್ಟು ಕಾಯಿಸಬೇಡಿ. ಬಿಸಿನೀರು ಕೋಶಗಳ ನಡುವಿನ ಕೊಬ್ಬನ್ನು ತೊಳೆದುಬಿಡುತ್ತದೆ. ತಾಸುಗಟ್ಟಲೆ ನೆನೆಸುವುದೂ ಬೇಡ. ಕೋಶಗಳೊಳಗಿನ ನೀರು ಹಿಡಿದಿಡುವ ವಸ್ತುಗಳು ನೀರಿನಲ್ಲಿ ಕರಗುವಂಥವು, ಅವೇ ಹೊರಟುಹೋಗುತ್ತವೆ. ದಿನಕ್ಕೆ ಹತ್ತು ಸಲ ನೀರು ತುಳಿದು ಒರೆಸದೆ ಬಿಡುವವರ ಕಾಲೇ ಹೆಚ್ಚು ಒಡೆಯುವುದಕ್ಕೆ ಇದೂ ಒಂದು ಕಾರಣ. ಅರಿವೆ ಪುಡಿ, ಅಡುಗೆ ಸೋಡಾ ನೀರಿಗೆ ಹಾಕಬೇಡಿ. ನಮ್ಮ ಚರ್ಮದ ಮೇಲ್ಮೈ ತುಸು ಹುಳಿ, ಪಿಎಚ್ 5ರ ಆಸುಪಾಸು. ಸಾಬೂನು 9–10ರ ಕ್ಷಾರ. ಧೂಳು ಹೋಗಲು ಮೈಸಾಬೂನು ಸ್ವಲ್ಪ ತಾಗಿಸಿದರೆ ಸಾಕು.

ನೆನೆದ ಜಡ್ಡನ್ನು ಕಾಲುಜ್ಜುವ ಕಲ್ಲಿನಿಂದ ಒಂದೇ ದಿಕ್ಕಿನಲ್ಲಿ, ಹಗುರವಾಗಿ ಉಜ್ಜಬೇಕು. ವಾರಕ್ಕೆ ಎರಡು ಸಲ ಸಾಕು. ಎಲ್ಲವನ್ನೂ ಒಂದೇ ದಿನ ತೆಗೆಯುವ ಹುಮ್ಮಸ್ಸು ಇಲ್ಲಿ ಹಾನಿಕರ. ಉಜ್ಜಾಟ ಹೆಚ್ಚಾದಷ್ಟೂ ಚರ್ಮ ಅದನ್ನು ಅಪಾಯವೆಂದೇ ತಿಳಿದು ಇನ್ನಷ್ಟು ಜಡ್ಡು ಬೆಳೆಸುತ್ತದೆ. ರಕ್ತ ಬರುವ ಬಿರುಕಿದ್ದರೆ ಅದು ಕೂಡುವವರೆಗೆ ಕಲ್ಲು ಮುಟ್ಟಿಸಬೇಡಿ.

ನಂತರದ್ದು ಅತ್ಯಂತ ಮುಖ್ಯ. ಅರಿವೆಯಿಂದ ನೀರನ್ನು ಒತ್ತಿ ತೆಗೆಯಿರಿ, ಪೂರ್ತಿ ಒಣಗಲು ಬಿಡಬೇಡಿ. ಬೆರಳ ಸಂದುಗಳನ್ನು ಮಾತ್ರ ಚೆನ್ನಾಗಿ ಒರೆಸಿ, ಅಲ್ಲಿ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ. ಹಿಮ್ಮಡಿ ಇನ್ನೂ ಹಸಿಯಿರುವಾಗ, ಎರಡು ಮೂರು ನಿಮಿಷದೊಳಗೆ, ಎಣ್ಣೆಯೋ ಮುಲಾಮೋ ಹಚ್ಚಬೇಕು. ಮೇಲೆ ಹತ್ತಿಯ ಕಾಲುಚೀಲ. ಇಲ್ಲವಾದರೆ ಹಳೆಯ ಧೋತರದ ಮೆತ್ತನೆಯ ತುಂಡು ಸುತ್ತಿದರೂ ಆದೀತು. ಒಂದು ಎಚ್ಚರ: ಎಣ್ಣೆ ಹಚ್ಚಿದ ಬರಿಗಾಲಲ್ಲಿ ಫರಸಿ ಕಲ್ಲಿನ ನೆಲದ ಮೇಲೆ ಓಡಾಡಬಾರದು. ರಾತ್ರಿ ಬಚ್ಚಲಿಗೆಂದು ಎದ್ದು ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಹಿಮ್ಮಡಿಯ ನೋವು ಯಾವ ಲೆಕ್ಕಕ್ಕೂ ಇರುವುದಿಲ್ಲ. ವಯಸ್ಸಾದವರಿಗೆ ಕಾಲುಚೀಲ ಹಾಕಿಸಿಯೇ ಮಲಗಿಸಬೇಕು. ಅವರು ಏಳುವಾಗ ಚಪ್ಪಲಿ ಕಾಲಿಗೆ ಸಿಗುವ ಹಾಗೆ ಮಂಚದ ಬಳಿಯೇ ಇರಲಿ.

ಇದನ್ನು ನಾಲ್ಕು ವಾರ ಬಿಡದೆ ಮಾಡಬೇಕು. ದಪ್ಪ ಅಂಗಾಲಿನಲ್ಲಿ ಹೊಸ ಕೋಶ ಕೆಳಗಿಂದ ಮೇಲೆ ಬರಲು ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಮೂರು ದಿನ ಮಾಡಿ "ಏನೂ ಆಗ್ಲಿಲ್ಲ" ಎಂದು ಬಿಟ್ಟವರ ಹಿಮ್ಮಡಿ ಹಾಗೆಯೇ ಉಳಿಯುತ್ತದೆ.

ಯಾವ ಎಣ್ಣೆ?

ಮನೆಯಲ್ಲಿರುವುದೇ ಸಾಕು. ಆದರೂ ಎಣ್ಣೆಗಳಲ್ಲಿ ಭೇದವಿದೆ. 2013ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸೂರ್ಯಕಾಂತಿ ಮತ್ತು ಆಲಿವ್ ಎಣ್ಣೆಗಳನ್ನು ಜನರ ಮುಂಗೈಗೆ ಹಚ್ಚಿ ಹೋಲಿಸಿದರು. ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ಕೆಡಿಸಿತು, ಸೂರ್ಯಕಾಂತಿ ಎಣ್ಣೆ ಕೆಡಿಸಲಿಲ್ಲ. ಆಲಿವ್‌ನಲ್ಲಿ ಓಲಿಕ್ ಆಮ್ಲ ಹೆಚ್ಚು, ಸೂರ್ಯಕಾಂತಿಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು; ಈ ಲಿನೋಲಿಕ್ ಆಮ್ಲ ನಮ್ಮ ಚರ್ಮದ ಸೆರಮೈಡುಗಳಿಗೂ ಬೇಕಾದ ಘಟಕ. ನಮ್ಮ ಕುಸುಬಿ ಎಣ್ಣೆ ಇದರಲ್ಲಿ ಇನ್ನೂ ಮುಂದೆ. ಸಾಂಪ್ರದಾಯಿಕ ಕುಸುಬಿ ತಳಿಗಳ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೇ. ಹಿಮ್ಮಡಿಗೆಂದು ಪಟ್ಟಣದಿಂದ ದುಬಾರಿ ಆಲಿವ್ ಎಣ್ಣೆ ತರಿಸುವ ಅಗತ್ಯ ಈ ಸೀಮೆಗೆ ಇಲ್ಲವೇ ಇಲ್ಲ. ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಒಣಚರ್ಮಕ್ಕೆ ಅದು ಖನಿಜ ತೈಲದಷ್ಟೇ ಉಪಯುಕ್ತವೆಂದು ಕಂಡಿತು.

ನೀರನ್ನು ತಡೆಯುವುದರಲ್ಲಿ ಮಾತ್ರ ಪೆಟ್ರೋಲಿಯಂ ಜೆಲ್ಲಿಗೆ ಸಾಟಿಯಿಲ್ಲ. ಅಮೆರಿಕದ ಎಣ್ಣೆಬಾವಿಗಳ ಕೆಲಸಗಾರರು ಯಂತ್ರಕ್ಕೆ ಮೆತ್ತುತ್ತಿದ್ದ ಜಿಡ್ಡನ್ನು ತಮ್ಮ ಗಾಯಗಳಿಗೆ ಸವರಿಕೊಳ್ಳುವುದನ್ನು ಕಂಡ ರಾಬರ್ಟ್ ಚೀಸ್‌ಬ್ರೊ ಅದನ್ನು ಶುದ್ಧಗೊಳಿಸಿ, 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದರು. ಚರ್ಮದಿಂದ ಆವಿಯಾಗುವ ನೀರಿನಲ್ಲಿ ಶೇ. 98ರಷ್ಟನ್ನು ಅದು ತಡೆಯಬಲ್ಲದು. ಸಸ್ಯಜನ್ಯ ಎಣ್ಣೆಗಳು ಅಷ್ಟು ತಡೆಯಲಾರವು. ಬಿರುಕು ಆಳವಾಗಿದ್ದರೆ ಎಣ್ಣೆಗಿಂತ ಇದೇ ಮೇಲು.

ಎಣ್ಣೆಯನ್ನು ಗಟ್ಟಿ ಮಾಡಿ ತಡೆಯುವ ಶಕ್ತಿ ಹೆಚ್ಚಿಸುವ ಉಪಾಯ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆ ಪಾದದಾರಿ ಎಂಬ ಹೆಸರಿನಲ್ಲಿ ಈ ತೊಂದರೆಯನ್ನು ವಿವರಿಸುತ್ತದೆ. ಬಹಳ ನಡೆಯುವವರ ಒಣಗಿದ ಪಾದಗಳು ನೋವಿನಿಂದ ಬಿರಿಯುತ್ತವೆ ಎಂದು ಕಾರಣವನ್ನೂ ಗುರುತಿಸುತ್ತದೆ. ಅದು ಹೇಳುವ ಲೇಪದಲ್ಲಿ ಜೇನುಮೇಣ, ಪ್ರಾಣಿಕೊಬ್ಬು, ತುಪ್ಪ, ಸರ್ಜರಸವೆಂಬ ಮರದ ರಾಳ ಇವೆ. ಮೇಣ, ಕೊಬ್ಬು, ರಾಳ ಮೂರೂ ನೀರನ್ನು ಹೊರಬಿಡದ ವಸ್ತುಗಳು. ಇದನ್ನೇ ಸರಳವಾಗಿ ಮನೆಯಲ್ಲಿ ಮಾಡಿಕೊಳ್ಳಬಹುದು. ತೂಕದಲ್ಲಿ ಒಂದು ಪಾಲು ಶುದ್ಧ ಜೇನುಮೇಣಕ್ಕೆ ನಾಲ್ಕು ಪಾಲು ಕುಸುಬಿ ಅಥವಾ ಕೊಬ್ಬರಿ ಎಣ್ಣೆ. ಎರಡನ್ನೂ ಸ್ಟೀಲಿನ ಬಟ್ಟಲಲ್ಲಿ ಹಾಕಿ, ಬಟ್ಟಲನ್ನು ಕುದಿನೀರಿನ ಪಾತ್ರೆಯಲ್ಲಿ ಇಡಿ. ಜೇನುಮೇಣ 62–65 ಡಿಗ್ರಿಯಲ್ಲಿ ಕರಗುತ್ತದೆ, ನೇರ ಉರಿ ಬೇಡ. ಕರಗಿದ ಮೇಲೆ ಕದಡಿ, ಒಣಗಿದ ಡಬ್ಬಿಗೆ ಸುರಿದು ಪೂರ್ತಿ ಆರಲು ಬಿಡಿ. ಮೆತ್ತಗಿನ ಮುಲಾಮಾಗಿ ಕೂತುಕೊಳ್ಳುತ್ತದೆ.

ಔಷಧಿ ಅಂಗಡಿಯಲ್ಲಿ ಕೊಳ್ಳುವುದಾದರೆ ಯೂರಿಯಾ ಇರುವ ಮುಲಾಮು ಕೇಳಿ. 1828ರಲ್ಲಿ ಜರ್ಮನಿಯ ಫ್ರೆಡರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿ ರಸಾಯನವಿಜ್ಞಾನದ ದಿಕ್ಕನ್ನೇ ಬದಲಿಸಿದ ವಸ್ತುವಿದು. ನಮ್ಮ ಚರ್ಮದಲ್ಲೇ ಸಹಜವಾಗಿ ಇರುವಂಥದ್ದು. ಶೇ. 10ರಷ್ಟಿದ್ದರೆ ನೀರನ್ನು ಹಿಡಿದಿಡುತ್ತದೆ, 20–25ರಷ್ಟಿದ್ದರೆ ಜಡ್ಡಿನ ಕೆರಾಟಿನ್ನನ್ನು ಸಡಿಲಿಸಿ ಕಳಚುತ್ತದೆ. ದಪ್ಪ ಜಡ್ಡಿರುವ ಹಿಮ್ಮಡಿಗೆ ನನ್ನ ಮೊದಲ ಆಯ್ಕೆ ಇದೇ. ತೆರೆದ ಗಾಯಕ್ಕೆ ಉರಿಯುತ್ತದೆ, ಹಾಗಾಗಿ ರಕ್ತ ಬರುವ ಬಿರುಕಿಗೆ ಮೊದಲು ವ್ಯಾಸಲೀನ್, ಅದು ಕೂಡಿದ ಮೇಲೆ ಯೂರಿಯಾ. ಹೊಲಕ್ಕೆ ತಂದ ಯೂರಿಯಾ ಗೊಬ್ಬರವನ್ನು ಮಾತ್ರ ನೀರಿಗೆ ಹಾಕಿ ಕಾಲು ಅದ್ದಬೇಡಿ. 2015ರಿಂದ ಅದಕ್ಕೆ ಕಡ್ಡಾಯವಾಗಿ ಬೇವಿನ ಲೇಪವಿರುತ್ತದೆ, ಜತೆಗೆ ಬೇರೆ ಕಲ್ಮಶಗಳೂ ಇರುತ್ತವೆ. ಅದು ಮೈಗೆ ಹಚ್ಚಲು ಮಾಡಿದ್ದಲ್ಲ.

ಮಾಡಬಾರದ್ದು ಇನ್ನೂ ಇದೆ. ಕರಿಗೇರು ಬೀಜವನ್ನು ಸುಟ್ಟು ಅದರಿಂದ ಒಸರುವ ಕಪ್ಪು ಎಣ್ಣೆಯನ್ನು ಬಿರುಕಿಗೆ ಬಿಡುವ ಪದ್ಧತಿ ದಖ್ಖಣದ ಹಳ್ಳಿಗಳಲ್ಲಿದೆ. ಅಗಸರು ಅರಿವೆಗೆ ಗುರುತು ಹಾಕುತ್ತಿದ್ದ ಅದೇ ಬೀಜ. ಅದರ ರಸ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಕೆಲವರಿಗೆ ಕಾಲೆಲ್ಲ ಬಾತು ಆಸ್ಪತ್ರೆ ಸೇರುವ ಸ್ಥಿತಿ ಬರುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕುದಿವ ಮೇಣವನ್ನು ನೇರ ಬಿರುಕಿಗೆ ಸುರಿಯುವುದು, ಬ್ಲೇಡಿನಿಂದ ಜಡ್ಡು ಹೆರೆಯುವುದು, ಕುರ್ಚಿ ಮೇಜಿಗೆ ಹಾಕುವ ಅಂಟನ್ನು ಸೀಳಿಗೆ ತುಂಬುವುದು ಇವೂ ಅಷ್ಟೇ ಅಪಾಯದವು. ಬಿರುಕಿಗೆ ಸಗಣಿ, ಮಣ್ಣು ಮೆತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಧನುರ್ವಾಯುವಿನ ರೋಗಾಣು ಇರುವುದು ಗೊಬ್ಬರ ಬಿದ್ದ ಮಣ್ಣಿನಲ್ಲಿ, ಅದು ಒಳಹೋಗಲು ಬೇಕಾದದ್ದು ಇಂಥದ್ದೇ ಕಿರಿದಾದ, ಆಳವಾದ ಸೀಳು. ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಾದ ಧನುರ್ವಾಯುವಿನ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ.

ಇನ್ನು ಚಪ್ಪಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ಬಾಗಲಕೋಟೆಯೂ ಅದರಲ್ಲಿ ಸೇರಿದವು. ನಮ್ಮ ಸಮಗಾರರ ಕೈಯ ಈ ಕಸುಬು ಹೆಮ್ಮೆಯದು, ಉಳಿಯಬೇಕಾದದ್ದು. ಆದರೆ ಹಿಂದೆ ತೆರೆದ ಚಪ್ಪಲಿ ಯಾವುದೇ ಇರಲಿ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಬದಿಗೆ ಹರಡುವುದನ್ನು ಅದು ತಡೆಯಲಾರದು. ಹಿಮ್ಮಡಿ ಒಡೆಯುವ ತಿಂಗಳುಗಳಲ್ಲಿ ಹಿಂಭಾಗ ಮುಚ್ಚಿದ ಬೂಟು ಉತ್ತಮ. ಅದಾಗದಿದ್ದರೆ ಮೆತ್ತನೆಯ ಅಟ್ಟೆಯ, ಹಿಂದೆ ಪಟ್ಟಿಯಿರುವ ಚಪ್ಪಲಿ. ಹೊಲದಲ್ಲಿ ದಿನವಿಡೀ ಕಳೆ ತೆಗೆಯುವ, ಕಡಲೆ ಕೀಳುವ ಹೆಣ್ಣುಮಕ್ಕಳ ಪಾದಕ್ಕೆ ಇದು ಮೊದಲು ಸಿಗಬೇಕು. ಚರಗದ ದಿನ, ಕಣದ ಪೂಜೆಯ ದಿನ ಬರಿಗಾಲಿರಲಿ. ಉಳಿದ ದುಡಿಮೆಯ ದಿನಗಳಲ್ಲಿ ಚಪ್ಪಲಿ ಮೆಟ್ಟಿದರೆ ಭೂಮಿತಾಯಿಗೆ ಅಗೌರವವಾಗುವುದಿಲ್ಲ.

ನಾಲ್ಕು ವಾರ ಸರಿಯಾಗಿ ಮಾಡಿದರೂ ಬಿರುಕು ಕೂಡದಿದ್ದರೆ ಅದು ಬರೀ ಒಣಚರ್ಮವಲ್ಲದಿರಬಹುದು. ಅಂಗಾಲಿನ ಗೆರೆಗಳುದ್ದಕ್ಕೂ ಬಿಳಿಪುಡಿ ಕೂತು ಉಗುರೂ ದಪ್ಪಗಾಗಿದ್ದರೆ ಶಿಲೀಂಧ್ರದ ಸೋಂಕಿನ ಶಂಕೆ. ಅಂಗೈಯೂ ದಪ್ಪಗಾಗಿ, ಕೆಂಪು ಅಂಚಿನ ಹೊಪ್ಪಳೆ ಏಳುತ್ತಿದ್ದರೆ ಸೋರಿಯಾಸಿಸ್ ಇರಬಹುದು. ಮೈಯೆಲ್ಲ ಒಣಗಿ, ತೂಕ ಏರಿ, ಸದಾ ಸುಸ್ತಿದ್ದರೆ ಥೈರಾಯ್ಡ್ ಪರೀಕ್ಷೆ ಬೇಕು. ಬಿರುಕಿನ ಸುತ್ತ ಕೆಂಪೇರಿ ಬಾತು ಬಿಸಿಯಾದರೆ, ಕೀವು ಕಂಡರೆ, ಜ್ವರ ಬಂದರೆ ಒಂದು ದಿನವೂ ಕಾಯಬಾರದು. ಈ ಸೀಮೆಯವರಿಗೆ ಬಾಗಲಕೋಟೆಯ ನವನಗರದ ಜಿಲ್ಲಾಸ್ಪತ್ರೆಯಾಗಲಿ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯಾಗಲಿ ದೂರವಲ್ಲ.

ಸಕ್ಕರೆ ಕಾಯಿಲೆಯವರ ಮಾತು ಬೇರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ವರ್ಷಗಳು ಕಳೆದಂತೆ ಅದು ಪಾದದ ನರಗಳನ್ನು ಕೆಡಿಸುತ್ತದೆ. ಬೆವರು ನಿಲ್ಲುತ್ತದೆ, ಹಿಮ್ಮಡಿ ಒಣಗಿ ಸೀಳುತ್ತದೆ, ಆದರೆ ನೋವು ತಿಳಿಯುವುದಿಲ್ಲ. ವೆಲ್ಲೂರಿನ ವೈದ್ಯರು ಕುಷ್ಠರೋಗಿಗಳಲ್ಲಿ ಕಂಡದ್ದು ಇದೇ ಅಪಾಯವನ್ನು. ಇಂಥವರು ಕಾಲನ್ನು ಬಹಳ ಹೊತ್ತು ನೆನೆಸಬಾರದು; ತೊಳೆದು, ಒತ್ತಿ ಒರೆಸಿ, ಮುಲಾಮು ಹಚ್ಚಿದರೆ ಸಾಕು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಅಥವಾ ಮನೆಯ ಇನ್ನೊಬ್ಬರ ಕೈಯಿಂದ ನೋಡಬೇಕು. ಕಲ್ಲು, ಜಡ್ಡು ಕಳಚುವ ಸ್ಯಾಲಿಸಿಲಿಕ್ ಆಮ್ಲದ ಔಷಧಿ ಇವನ್ನು ವೈದ್ಯರು ಹೇಳದೆ ಬಳಸಬಾರದು. ವರ್ಷಕ್ಕೊಮ್ಮೆಯಾದರೂ ವೈದ್ಯರ ಬಳಿ 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲಿನ ಸ್ಪರ್ಶ ಪರೀಕ್ಷೆ ಮಾಡಿಸಬೇಕು. ಕೆಲವೇ ನಿಮಿಷದ ಪರೀಕ್ಷೆ, ನೋವಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಅಂಗಾಲನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೀವೇ ನೋಡಿ. ಅವರಿಗೆ ಬಗ್ಗಿ ನೋಡಿಕೊಳ್ಳಲು ಆಗುವುದಿಲ್ಲ, ಬಿರುಕು ಬಿದ್ದದ್ದು ಗೊತ್ತೂ ಆಗುವುದಿಲ್ಲ.